ಕೇಸ್ ವರ್ಕರ್ ಗುರುಗಳು

ತಾಲ್ಲೂಕು ಕಚೇರಿ ಯಾವುದೇ ಇರಲಿ, ಬೀರುಗಳ ಸಾಲಿನ ಕೊನೆಗೆ, ಫ್ಯಾನಿನ ಗಾಳಿ ಸರಿಯಾಗಿ ಬೀಳುವ ಜಾಗದಲ್ಲಿ ಒಬ್ಬ ಹಳೇ ಎಫ್‌ಡಿಎ ಕೂತಿರುತ್ತಾರೆ. ಗಾಳಿ ಎಲ್ಲಿ ಬೀಳುತ್ತದೆ ಅಂತ ಕಂಡುಕೊಳ್ಳುವುದಕ್ಕೂ ಸರ್ವಿಸ್ ಬೇಕು. ಕೆಪಿಎಸ್‌ಸಿ ಪರೀಕ್ಷೆ ಪಾಸಾಗಿ ಬಂದ ಹೊಸ ಎಸ್‌ಡಿಎ ಹುಡುಗನನ್ನು ತಹಶೀಲ್ದಾರರು ಇವರ ಸುಪರ್ದಿಗೆ ಬಿಡುತ್ತಾರೆ. ಗುರುಗಳ ಮೊದಲ ಪ್ರಶ್ನೆ, 'ಯಾವೂರು?' ಎರಡನೆಯದು, 'ಟೀ ಕುಡಿತೀಯಾ?' ಪಾಠ ಕ್ಯಾಂಟೀನಿನಲ್ಲಿ, ಬಿಲ್ಲು ಶಿಷ್ಯನದು.

ಮೇಜಿನ ಮೇಲೆ 1958ರ ಕೆಸಿಎಸ್‌ಆರ್ ಎಂಬ ಸೇವಾ ನಿಯಮಗಳ ಪುಸ್ತಕ ಇದ್ದೇ ಇರುತ್ತದೆ. ಕೈಯಾಡಿ ಮಾಸಿರುವುದು ಮಾತ್ರ ಗಳಿಕೆ ರಜೆಯ ಪುಟಗಳು. ನಿಜವಾದ ವಿದ್ಯೆ ಇರುವುದು ಟಿಪ್ಪಣಿಯಲ್ಲಿ. ಹುಡುಗ ಉತ್ಸಾಹದಿಂದ, 'ಅರ್ಜಿದಾರರ ಕೋರಿಕೆ ಸರಿಯಾಗಿದೆ, ಮಂಜೂರು ಮಾಡಬಹುದು' ಎಂದು ಬರೆದು ತಂದ. ಗುರುಗಳು ಬೆಚ್ಚಿಬಿದ್ದರು. 'ನಾಳೆ ನೋಟಿಸ್ ಬಂದ್ರೆ ನಿನ್ನ ಹೆಸರಿಗೇ ಬರೋದು!' ಅಂದವರೇ ಹೊಡೆದುಹಾಕಿ ಬರೆದರು: 'ಲಭ್ಯ ದಾಖಲೆಗಳನ್ವಯ ಸದರಿ ಕೋರಿಕೆಯನ್ನು ನಿಯಮಾನುಸಾರ ಪರಿಗಣಿಸುವ ಕುರಿತು ಸೂಕ್ತ ಆದೇಶಕ್ಕಾಗಿ ಮಂಡಿಸಿದೆ.'

'ಸರ್, ಇದ್ರಲ್ಲಿ ನಾವು ಏನು ಹೇಳಿದ್ವಿ?'

'ಏನೂ ಹೇಳಿಲ್ಲ ಮಗಾ. ಹೇಳೋಕೆ ಅಂತಲೇ ಸಾಹೇಬರಿಗೆ ಸಂಬಳ ಕೊಡ್ತಾರೆ.'

ಇ-ಆಫೀಸ್ ಬಂದ ಮೇಲೆ ಶಿಷ್ಯನೇ ಗುರುವಾಗಬೇಕಿತ್ತು, ಆಗಲಿಲ್ಲ. ಹುಡುಗ ಟೈಪು ಮಾಡಿದ್ದನ್ನು ಗುರುಗಳು ಪ್ರಿಂಟು ತೆಗೆಸಿ, ಪೆನ್ನಲ್ಲಿ ತಿದ್ದಿ, ಸ್ಕ್ಯಾನ್ ಮಾಡಿ ಹಾಕು ಅನ್ನುತ್ತಾರೆ. ಪಾಸ್‌ವರ್ಡ್ ಮರೆಯಬಾರದೆಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿದ್ದಾರೆ. ಇಡೀ ಆಫೀಸಿಗೆ ಗೊತ್ತು, ಅವರಿಗೊಬ್ಬರಿಗೆ ಮರೆತುಹೋಗುತ್ತದೆ.

ನಗಬೇಡಿ. 2009ರ ನೆರೆ ಪರಿಹಾರದ ಕಡತಕ್ಕಾಗಿ ಹುಡುಗ ಅರ್ಧ ದಿನ ಕಂಪ್ಯೂಟರಿನಲ್ಲಿ ತಡಕಿದ. ಗುರುಗಳು ಟೀ ಲೋಟ ಕೆಳಗಿಡದೆ ಹೇಳಿದರು: 'ಕಿಟಕಿ ಕಡೆ ಬೀರು, ಮೂರನೇ ಖಾನೆ, ಕೆಂಪು ಬಟ್ಟೆ ಗಂಟು. ಒಂದು ಮೂಲೆ ಇಲಿ ತಿಂದಿದೆ, ಸರ್ವೆ ನಂಬರು ಉಳಿದಿದೆ.' ಹಾಗೇ ಇತ್ತು. ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ ಸಾರ್ ಅಂದರೆ, 'ಬರೆದಿಟ್ರೆ ಆಮೇಲೆ ನನ್ನನ್ನ ಯಾರು ಕೇಳ್ತಾರೆ?' ಅನ್ನುತ್ತಾರೆ. ಇದೊಂದು ಜಿಪುಣತನ ಕ್ಷಮಿಸುವಂಥದ್ದಲ್ಲ.

ಇವರ ಪೈಕಿ ಬಹಳ ಜನರ ಜನ್ಮದಿನ ಜೂನ್ 1. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ದಯಪಾಲಿಸಿದ್ದು. ಒಂದನೇ ತಾರೀಖು ಹುಟ್ಟಿದವರು 60 ತುಂಬುವ ಮುನ್ನಾದಿನವೇ ನಿವೃತ್ತರಾಗಬೇಕೆಂದು ನಿಯಮವಿದೆ. ಆದ್ದರಿಂದ ನಿಮ್ಮ ಹಳೇ ಕಡತವೇನಾದರೂ ಇಂಥವರ ಬೀರುವಿನಲ್ಲಿದ್ದರೆ, ದಯವಿಟ್ಟು ಮೇ 31ರೊಳಗೆ ಹೋಗಿ ವಿಚಾರಿಸಿ. ಟೀ ನಿಮ್ಮದೇ.