ಎದೆಮಟ್ಟಕ್ಕೆ ಹಿಡೀರಿ ಸಾರ್

ಹಲ್ಲು ಕೀಳಿಸಿಕೊಂಡು ಮನೆಗೆ ಹೊರಟಿದ್ದ ನನ್ನನ್ನು ಅವರು ಲಗ್ಗೆರೆ ಬ್ರಿಡ್ಜ್ ಹತ್ತಿರ ಹಿಡಿದರು. ಬಾಯಲ್ಲಿ ಹತ್ತಿ, ಬನ್ನಿನಂತೆ ಊದಿದ ಕೆನ್ನೆ, ಕಣ್ಣಲ್ಲಿ ನೀರು. ಆಗಲೇ ಒಂದು ಪ್ರತಿ ಕೊಂಡಿದ್ದೇನೆ ಎನ್ನಲು ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಅವರ ಕಾದಂಬರಿ ಮತ್ತೆ ನನ್ನ ಕೈಯಲ್ಲಿತ್ತು.

"ಎದೆಮಟ್ಟಕ್ಕೆ ಹಿಡೀರಿ ಸಾರ್, ನನ್ನ ಹೆಸರು ಕಾಣ್ಲಿ."

ಸಂಜೆ ಅವರ ವಾಟ್ಸಾಪ್ ಸ್ಟೇಟಸ್‌ನಲ್ಲಿ ನಾನಿದ್ದೆ: 'ಹತ್ತನೇ ಅಧ್ಯಾಯ ಓದಿ ಕಣ್ಣೀರಾದ ಓದುಗರು.' ಊರಿನಿಂದ ನಮ್ಮತ್ತೆ ಮಗಳಿಗೆ ಫೋನ್ ಮಾಡಿ, "ಅಳಿಯಂದ್ರಿಗೆ ಏನ್ ಮಾಡ್ದೆ?" ಎಂದು ಕೇಳಿದರು. ಸ್ಟೇಟಸ್ 24 ಗಂಟೆಯಲ್ಲಿ ಅಳಿಸಿಹೋಗುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮಾರನೆಯ ದಿನ ಮತ್ತೆ ಹಾಕಿದರು.

ತನ್ನ ಪುಸ್ತಕ ತಾನೇ ಮಾರುವ ಇಂಥ ಲೇಖಕರು ಬಡಾವಣೆಗೊಬ್ಬರಾದರೂ ಸಿಗುತ್ತಾರೆ. ನಮ್ಮವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದವರು. 2020ರ ಲಾಕ್‌ಡೌನ್‌ನಲ್ಲಿ ಕೆಲಸ ಹೋಯಿತು. ಕೈಗೆ ಬಂದ ದುಡ್ಡಿನಲ್ಲಿ ಒಂದಿಷ್ಟು ತೆಗೆದು 500 ಪ್ರತಿ ಅಚ್ಚು ಹಾಕಿಸಿದರು. ಅಂಗಡಿಗೆ ಇಡೋಣವೆಂದರೆ ನೂರಕ್ಕೆ ನಲವತ್ತು ಕಮಿಷನ್. ಹಾಲ್ ಬಾಡಿಗೆ, ಶಾಲು, ಹಾರ, ಅತಿಥಿಗಳ ಕಾರು, ಉಪ್ಪಿಟ್ಟು-ಕೇಸರಿಬಾತು ಎಲ್ಲ ಕೂಡಿಸಿ ನೋಡಿದವರು ಬಿಡುಗಡೆಯನ್ನು ಟೀ ಅಂಗಡಿಯಲ್ಲೇ ಮುಗಿಸಿದರು. ಅಂಗಡಿಯವರೇ ಅಧ್ಯಕ್ಷರು. ಟೀ ಲೇಖಕರದು, ಬನ್ನು ಅವರವರದು. ಹಿಂಬದಿಯ ರಟ್ಟಿನಲ್ಲಿ ಲೇಖಕರ ಭಾವಚಿತ್ರ ಇರಬೇಕಾದ ಜಾಗದಲ್ಲಿ ಕ್ಯೂಆರ್ ಕೋಡ್.

ಅವರ ಪಂಚಾಂಗವೇ ಬೇರೆ. ಮಾರ್ಚ್ 17, ಏಪ್ರಿಲ್ 24, ಅಕ್ಟೋಬರ್ 29. ನಮಗೆ ಹತ್ತಿರದ ಕಂಠೀರವ ಸ್ಟುಡಿಯೋದಲ್ಲಿ ಪುನೀತ್, ರಾಜ್‌ಕುಮಾರ್ ಸಮಾಧಿಗೆ ಜನ ಸಾಲುಗಟ್ಟುವ ದಿನಗಳು. "ಕ್ಯೂನಲ್ಲಿ ನಿಂತೋರಿಗೆ ಟೈಮೂ ಇರುತ್ತೆ, ಕನ್ನಡಾಭಿಮಾನಾನೂ ಇರುತ್ತೆ ಸಾರ್." ಯಾರಾದರೂ ಮುಖ ಸಿಂಡರಿಸಿದರೆ ಚೀಲದಿಂದ ಗಳಗನಾಥರು ಹೊರಬರುತ್ತಾರೆ.

"ಗಳಗನಾಥರು ಪುಸ್ತಕದ ಗಂಟನ್ನ ತಲೆ ಮೇಲೆ ಹೊತ್ತು ಊರೂರು ತಿರುಗಿದ್ರು. ರಾಜರತ್ನಂ ಚೀಲ ಹಿಡ್ಕೊಂಡು ಮಾರಿದ್ರು. ನಾನು ಸ್ಕೂಟರಲ್ಲಿ ಮಾರ್ತೀನಿ, ಅಷ್ಟೇ."

"ಅವರು ಕೊಂಡವರ ಫೋಟೋ ತೆಗೀತಿರಲಿಲ್ಲ."

"ಆಗ ಮೊಬೈಲ್ ಇರ್ಲಿಲ್ವಲ್ಲ ಸಾರ್."

ಅವರು ಮಂಕಾದದ್ದನ್ನು ಕಂಡದ್ದು ಒಂದೇ ಸಲ, 2024ರ ಡಿಸೆಂಬರ್‌ನಲ್ಲಿ ಅಂಚೆಯ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತಾಗ. ಬೀದರಿನಿಂದ ಒಬ್ಬರು ಪುಸ್ತಕ ಕೇಳಿದ್ದರಂತೆ. ಎರಡು ದಿನ ಪೇಚಾಡಿ, ಆ ಕಡೆ ಹೊರಟಿದ್ದ ಯಾರದೋ ಅಳಿಯನ ಬ್ಯಾಗಿಗೆ ಅದನ್ನು ತುರುಕಿ ಬಂದರು.

ನಗುವ ಯೋಗ್ಯತೆ ನನಗೆಲ್ಲಿದೆ? ನನ್ನದೂ ಒಂದು ಕವನಸಂಕಲನ ಉಂಟು. ಹಾಲ್, ಶಾಲು, ಕೇಸರಿಬಾತು ಎಲ್ಲ ಆಗಿತ್ತು. ಬೀದಿಯಲ್ಲಿ ನಿಂತು ಮಾರುವುದು ಕವಿಗೆ ತಕ್ಕದ್ದಲ್ಲವೆಂದು ಉಳಿದ ಪ್ರತಿಗಳನ್ನು ಅಟ್ಟಕ್ಕೆ ಹಾಕಿದೆ. ನವರಾತ್ರಿಗೆ ಹೆಂಡತಿ ಆ ಬಂಡಲ್‌ಗಳನ್ನೇ ಇಳಿಸಿ, ಮೇಲೆ ಬಿಳಿ ಪಂಚೆ ಹಾಸಿ ಗೊಂಬೆ ಕೂರಿಸುತ್ತಾಳೆ. ಮೆಟ್ಟಿಲು ಗಟ್ಟಿಯಾಗಿವೆ.

ಮೊನ್ನೆ ಅವರು ಟೀ ತರಲು ಎದ್ದಾಗ ಬೆಂಚಿನ ಮೇಲಿದ್ದ ನೋಟ್‌ಬುಕ್ ತಿರುವಿದೆ. ಕೊಂಡವರ ಹೆಸರು, ಕೆಲಸ, ತಾರೀಕು. ಒಟ್ಟು 412 ಜನ. ಆಟೋದವರು, ಹೂವಿನಂಗಡಿಯಾಕೆ, ಗಾರ್ಮೆಂಟ್ಸ್‌ನ ಹೆಣ್ಣುಮಗಳೊಬ್ಬಳು. ಅವಳ ಹೆಸರಿನ ಎದುರು '100 ಬಂತು, 50 ಸಂಬಳದ ದಿನ' ಎಂದಿತ್ತು. ಕೆಳಗೆ ಬೇರೆ ಇಂಕಿನಲ್ಲಿ: '50 ಬಂತು. ಕೊನೆ ಇಷ್ಟ ಆಗಲಿಲ್ಲ ಅಂದಳು. ಸರಿಯೇ.' ನನ್ನ ಪದ್ಯ ಇಷ್ಟವಾಗಲಿಲ್ಲ ಎಂದು ಇವತ್ತಿನವರೆಗೆ ಒಬ್ಬರೂ ನನಗೆ ಹೇಳಿಲ್ಲ.

ಪುಟ ತಿರುವಿ ನನ್ನ ಹೆಸರೂ ಹುಡುಕಿದೆ. '2 ಪ್ರತಿ. ಇನ್ನೂ ಓದಿಲ್ಲ.'

ಭಾನುವಾರ ಬೆಳಿಗ್ಗೆ ಬ್ರಿಡ್ಜ್ ಹತ್ತಿರ ಸ್ಕೂಟರ್ ನಿಲ್ಲಿಸಿಕೊಂಡಿರುತ್ತಾರೆ. ಬೆಲೆ 150 ರೂಪಾಯಿ. ಹೋಗುವವರು ಮುಖ ತೊಳೆದು, ತಲೆ ಬಾಚಿಕೊಂಡು ಹೋಗಿ.