ಬಾನೆಟ್ ಪಂಡಿತ

ರಸ್ತೆಬದಿಯಲ್ಲಿ ಯಾರದೇ ಕಾರಿನ ಬಾನೆಟ್ ಎದ್ದು ನಿಂತರೂ ಐದು ನಿಮಿಷದೊಳಗೆ ಅದರ ಪಕ್ಕ ಪ್ರತ್ಯಕ್ಷನಾಗಿ, ಕೇಳದೆಯೇ ರೋಗ ಹೇಳುವವನು ಬಾನೆಟ್ ಪಂಡಿತ. ಇವನು ಮೆಕ್ಯಾನಿಕ್ ಅಲ್ಲ. ಕೈಗೆ ಗ್ರೀಸು ಅಂಟಿದ ದಾಖಲೆಯಿಲ್ಲ. ಡ್ರೈವರ್ ಅಲ್ಲ, ಆಗಿದ್ದರೂ ಅದು ಹಿಂದಿನ ಮಾತು. ಕಾರಿನ ಮಾಲೀಕನಂತೂ ಖಂಡಿತ ಅಲ್ಲ. ಕೆಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲದಿರುವುದೇ ಇವನ ಧೈರ್ಯದ ಮೂಲ.

ಈ ಪಂಡಿತರು ಎಲ್ಲೆಡೆ ಇದ್ದಾರೆ. ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಮಾತ್ರ ಬೆಳೆ ಹುಲುಸು. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು; ಆ ವರ್ಷ ಆದೋನಿ, ಆಲೂರುಗಳ ಜೊತೆ ಆಂಧ್ರಕ್ಕೆ ಸೇರಿತು. ಕಚೇರಿ ಅನಂತಪುರಕ್ಕೆ ಹೋಯಿತು, ಬಳ್ಳಾರಿ ಹತ್ತಿರದಲ್ಲೇ ಉಳಿಯಿತು. ಮಡಕಶಿರಾ ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ ಕಡೆ ಎಷ್ಟೋ ಮನೆಗಳ ಮಾತು ಕನ್ನಡ, ಕಾಗದಪತ್ರದ ಮಾತು ತೆಲುಗು. ಹೀಗಾಗಿ ಇಲ್ಲಿನ ಪಂಡಿತ ಎರಡು ಭಾಷೆಯಲ್ಲಿ ತಪ್ಪು ಹೇಳಬಲ್ಲ. ರೋಗವನ್ನು ಕನ್ನಡದಲ್ಲಿ ವಿವರಿಸುತ್ತಾನೆ, ಧೈರ್ಯ ತುಂಬುವಾಗ ತೆಲುಗಿಗೆ ಹೊರಳುತ್ತಾನೆ: "ಏಮೀ ಲೇದು, ಚಿನ್ನ ಪನಿ" (ಏನೂ ಇಲ್ಲ, ಸಣ್ಣ ಕೆಲಸ).

ತಪಾಸಣೆ ನಂಬರ್ ಪ್ಲೇಟಿನಿಂದ ಆರಂಭವಾಗುತ್ತದೆ. ಕೆಎ ಎಂದಿದ್ದರೆ ಗಾಡಿ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕೆಟ್ಟದ್ದು. ಎಪಿ ಎಂದಿದ್ದರೆ ನಮ್ಮ ರೋಡಿನಲ್ಲಿ. ಅನಂತರ ಪೆಟ್ರೋಲಿನ ಜಾತಕ. ಗಡಿಯಾಚೆ ಕರ್ನಾಟಕದಲ್ಲಿ ದರ ಕಡಿಮೆಯೆಂದು ಅಲ್ಲಿ ಹಾಕಿಸಿದ್ದರೆ ಅದರಿಂದಲೇ ಕೆಟ್ಟಿತು ಎನ್ನುತ್ತಾನೆ. ಅಲ್ಲೇ ಹಾಕಿಸು ಎಂದು ಹೋದ ತಿಂಗಳು ಹೇಳಿದವನೂ ಇವನೇ.

ಪಾಂಡಿತ್ಯ ಪೂರ್ತಿ ಹೊರಬೀಳುವುದು ಐಡ್ಲಿಂಗ್ ಜಾಸ್ತಿಯಾದ ಗಾಡಿಯ ಮುಂದೆ. ಸ್ಟಾರ್ಟೇ ಆಗದ ಎಂಜಿನ್ ತಳ್ಳುವ ಕೆಲಸ ಹಚ್ಚುತ್ತದೆ. ಹುಯ್ಯೆಂದು ಕೂಗುವ ಎಂಜಿನ್ ಜನ ಸೇರಿಸಿಕೊಡುತ್ತದೆ. ಬಿಸಿಯಾದ ಪೆಟ್ರೋಲ್ ಎಂಜಿನ್ ನಿಂತಲ್ಲಿ ಸುಮಾರಾಗಿ ನಿಮಿಷಕ್ಕೆ 700ರಿಂದ 900 ಸುತ್ತು ತಿರುಗಬೇಕು. ಬೆಳಗಿನ ಚಳಿಯಲ್ಲಿ 1200, 1500ಕ್ಕೆ ಏರಿ ಸ್ವಲ್ಪ ಹೊತ್ತಿನಲ್ಲಿ ಇಳಿದರೆ ಅದು ರೋಗವಲ್ಲ. ಬಿಸಿಯಾದ ಮೇಲೂ ಅಲ್ಲೇ ಕೂತರೆ ರೋಗ. ಪೆಟ್ರೋಲ್ ಎಂಜಿನ್ನಿನ ಲಗಾಮು ಗಾಳಿ. ಕಾಲು ತೆಗೆದರೂ ವೇಗ ಇಳಿಯದಿದ್ದರೆ ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿದೆ, ಇಲ್ಲವೇ ಒಳಗಿನ ಕಂಪ್ಯೂಟರ್ ಸುಳ್ಳು ಸುದ್ದಿ ನಂಬಿ ತಾನೇ ಗಾಳಿ ಬಿಡುತ್ತಿದೆ. ಎಲ್ಲಿಂದ ಎಂದು ಹುಡುಕುವುದೇ ರೋಗನಿರ್ಣಯ. ಪಂಡಿತನ ಮತದಲ್ಲಿ ಹುಡುಕುವುದು ಗೊತ್ತಿಲ್ಲದವರ ಕೆಲಸ.

ಅವನ ವಿಧಾನಕ್ಕೆ ಮೂರು ಹಂತ. ಮೊದಲನೆಯದು ಶ್ರವಣ. ಕಣ್ಣು ಮುಚ್ಚಿ, ಸೊಂಟಕ್ಕೆ ಕೈಯಿಟ್ಟು, "ರೇಸ್ ಹಿಡ್ಕೊಂಡೈತೆ" ಎನ್ನುತ್ತಾನೆ. ಮಾಲೀಕ ಆಗಷ್ಟೇ ಅದನ್ನೇ ಹೇಳಿದ್ದರಿಂದ ಯಾರೂ ತಕರಾರು ಮಾಡುವುದಿಲ್ಲ. ಎರಡನೆಯದು ಪೂರ್ವಕಥೆ. ಅವನ ಮಾವನ ಹಳೆಯ ಮಾರುತಿ 800ಕ್ಕೆ ಇದೇ ಆಗಿತ್ತು. ಕಾರ್ಬುರೇಟರಿನ ಸ್ಕ್ರೂ ಕಾಲು ಸುತ್ತು ಸಡಿಲಿಸಿದ್ದಕ್ಕೆ ಸರಿಹೋಯಿತು. ಎದುರಿಗಿರುವುದು ಇಂಜೆಕ್ಷನ್ ಗಾಡಿ, ಕಾರ್ಬುರೇಟರೇ ಇಲ್ಲ ಎಂದರೆ ತಪ್ಪು ಕಂಪನಿಯದು. ಒಳ್ಳೆಯ ಸ್ಕ್ರೂ ಯಾಕೆ ತೆಗೆದರು? ಗಾಡಿ ಡೀಸೆಲ್ ಆದರೂ ಕಥೆ ಬದಲಾಗುವುದಿಲ್ಲ. ಹಳೆಯ ಡೀಸೆಲ್ ಎಂಜಿನ್ನಿನ ವೇಗ ಹಿಡಿಯುವುದು ಪಂಪಿನ ಗವರ್ನರ್, ಗಾಳಿಯಲ್ಲ; ಇಂಥ ಸಣ್ಣ ವ್ಯತ್ಯಾಸಗಳಿಂದ ಮಾವನ ಅನುಭವಕ್ಕೆ ಕುಂದಿಲ್ಲ.

ಮೂರನೆಯದು ಚಿಕಿತ್ಸೆ: ಬ್ಯಾಟರಿ ವೈರು ಬಿಚ್ಚಿ ಮತ್ತೆ ಹಾಕುವುದು. ಇದರಿಂದ ಎಷ್ಟೋ ಗಾಡಿಗಳ ಕಂಪ್ಯೂಟರ್ ಕಲಿತದ್ದನ್ನು ಮರೆಯುತ್ತದೆ. ಮತ್ತೆ ಕಲಿಯುವವರೆಗೆ ಐಡ್ಲಿಂಗ್ ಇಳಿಯಲೂಬಹುದು, ಇನ್ನಷ್ಟು ಏರಲೂಬಹುದು. ಇಳಿದರೆ ಪಂಡಿತನಿಗೆ ಕೀರ್ತಿ. ಅದರ ಆಯುಷ್ಯ ರಾಯದುರ್ಗದಿಂದ ಮೊಳಕಾಲ್ಮೂರಿನವರೆಗೆ. ಏರಿದರೆ ಬ್ಯಾಟರಿಯೇ ಹಳೆಯದು.

ಮೆಕ್ಯಾನಿಕ್‌ನ ದಾರಿ ಬೇರೆ. ಅವನು ಅಗ್ಗದ್ದರಿಂದ ಹೊರಡುತ್ತಾನೆ. ಏಸಿ ಆರಿಸುತ್ತಾನೆ, ಏಕೆಂದರೆ ಏಸಿ ಹಾಕಿದಾಗ ಗಾಡಿ ಬೇಕೆಂದೇ ವೇಗ ಏರಿಸಿಕೊಳ್ಳುವುದುಂಟು. ಕಾಲಡಿಯ ಮ್ಯಾಟು ಪೆಡಲಿನ ಮೇಲೆ ಹತ್ತಿದೆಯೇ, ಎಕ್ಸಲರೇಟರ್ ವೈರು ಬಿಗಿಯಾಗಿದೆಯೇ ನೋಡುತ್ತಾನೆ. ಆಮೇಲೆ ರಬ್ಬರ್ ಪೈಪುಗಳು. ವರ್ಷಗಟ್ಟಲೆ ಎಂಜಿನ್ನಿನ ಕಾವು ತಿಂದ ಪೈಪು ಒಣ ಹುಣಸೆಕಾಯಿಯ ಸಿಪ್ಪೆಯಂತೆ ಬಿರಿಯುತ್ತದೆ. ಬ್ರೇಕ್ ಬೂಸ್ಟರಿನ ಪೈಪು, ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟು ಮೊದಲ ಆರೋಪಿಗಳು. ಅನುಮಾನ ಬಂದ ಪೈಪನ್ನು ಇಕ್ಕಳದಲ್ಲಿ ಮೆಲ್ಲಗೆ ಹಿಸುಕಿದಾಗ ಸದ್ದು ಇಳಿದರೆ ಕಳ್ಳದಾರಿ ಆ ಕಡೆಯೇ. ಅಲ್ಲಿ ಸಿಗದಿದ್ದರೆ ಥ್ರಾಟಲ್ ಬಾಡಿ ಬಿಚ್ಚುತ್ತಾನೆ. ಮಸಿ ಕಟ್ಟಿದ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ, ಇಲ್ಲವೇ ಪಕ್ಕದ ಐಡಲ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರುತ್ತದೆ. ಕೊನೆಗೆ ಕೂಲೆಂಟಿನ ಉಷ್ಣತೆ ಹೇಳುವ ಸೆನ್ಸಾರ್. ಅದು ಕೆಟ್ಟರೆ ಮೇ ತಿಂಗಳ ನಡುಹಗಲಿನಲ್ಲೂ ಎಂಜಿನ್ ತಣ್ಣಗಿದೆ ಎಂದು ವರದಿ ಮಾಡುತ್ತದೆ; ಕಂಪ್ಯೂಟರ್ ನಂಬಿ ರೇಸ್ ಕೊಡುತ್ತದೆ. ಸ್ಕ್ಯಾನರ್ ಚುಚ್ಚಿದರೆ ಪಿ 0507 ಎಂಬ ಕೋಡ್ ಬರಬಹುದು. ಅದರ ಅರ್ಥ, ಐಡ್ಲಿಂಗ್ ಇರಬೇಕಾದ್ದಕ್ಕಿಂತ ಹೆಚ್ಚಿದೆ ಎಂದಷ್ಟೇ. ಅಂದರೆ ಸ್ಕ್ಯಾನರಿನ ಕೋಡೂ ಪಂಡಿತನ ಮೊದಲ ಹಂತದಲ್ಲೇ ನಿಲ್ಲುತ್ತದೆ. ಆದರೆ ಅದಕ್ಕೆ ಮಾವನಿಲ್ಲ.

ಪಂಡಿತರಲ್ಲಿ ಎರಡು ಪ್ರಭೇದ. ಹಿರಿಯ ಪ್ರಭೇದ ಲಾರಿಯಿಂದ ನಿವೃತ್ತವಾದದ್ದು. ಪ್ರತಿ ರೋಗಕ್ಕೂ ಒಂದು ಘಾಟಿಯ ಹೆಸರು ಅದರ ಬಾಯಲ್ಲಿರುತ್ತದೆ. ಕಿರಿಯದು ರಾಯದುರ್ಗದ ಜೀನ್ಸ್ ಹೊಲಿಯುವ ಕಾರ್ಖಾನೆಯಿಂದ ಚಹಾಕ್ಕೆ ಬಂದದ್ದು. ಎಂಜಿನ್ ಮುಂದೆ ಫೋನ್ ಹಿಡಿದು, ಸದ್ದನ್ನು ಹೈದರಾಬಾದಿನ ಗೆಳೆಯನಿಗೆ ವಾಟ್ಸಾಪ್ ಮಾಡಿ, ಉತ್ತರ ಬರುವವರೆಗೆ ಯಾರಿಗೂ ಏನೂ ಮುಟ್ಟಲು ಬಿಡುವುದಿಲ್ಲ. ಎರಡೂ ಎದುರಾದರೆ ಕಾರನ್ನು ಮರೆತು ಒಂದನ್ನೊಂದು ಪರೀಕ್ಷಿಸುತ್ತವೆ. ಮೆಕ್ಯಾನಿಕ್ ಕೆಲಸ ಮುಗಿಸುವುದು ಸಾಮಾನ್ಯವಾಗಿ ಆ ಹೊತ್ತಿನಲ್ಲಿ.

ಬಿರಿದ ಪೈಪು ಸಿಕ್ಕ ಮೇಲೆ ಪಂಡಿತ ಸೋತ ಉದಾಹರಣೆಯಿಲ್ಲ. "ಏರ್ ಹಿಡಿದೈತೆ ಅಂತ ಆಗ್ಲೇ ಹೇಳ್ಲಿಲ್ವಾ?" ಎನ್ನುತ್ತಾನೆ. ಪೆಟ್ರೋಲು, ಸ್ಕ್ರೂ, ಬ್ಯಾಟರಿ, ಕಂಪನಿ ಎಲ್ಲವನ್ನೂ ಹೇಳಿದವನು ನಡುವೆ ಗಾಳಿಯನ್ನೂ ಹೇಳಿಯೇ ಇರುತ್ತಾನೆ.

ಇವನಿಂದ ಉಪಯೋಗವೂ ಉಂಟು. ಭಾನುವಾರ ಯಾವ ಸ್ಪೇರ್ ಅಂಗಡಿಯವನು ಮನೆಯಿಂದ ಎದ್ದು ಬಂದು ಬಾಗಿಲು ತೆಗೆಯುತ್ತಾನೆ, ಪಾವಗಡದ ಕಡೆ ಹೊರಟ ಯಾವ ಬಸ್ಸಿನಲ್ಲಿ ಪೈಪು ತರಿಸಬಹುದು ಎಂಬುದು ಇವನಿಗೆ ಮಾತ್ರ ಗೊತ್ತು, ಮತ್ತು ಅದು ನಿಜವಾಗಿಯೂ ಗೊತ್ತು. ಫೀಸು ಒಂದು ಚಹಾ. ಗಾಡಿಯನ್ನು ಇವನಿಂದ ಉಳಿಸಿಕೊಳ್ಳಲು ಅನುಭವಸ್ಥ ಮೆಕ್ಯಾನಿಕ್‌ಗಳು ಟಾರ್ಚನ್ನು ಇವನ ಕೈಗೆ ಕೊಡುತ್ತಾರೆ. ಟಾರ್ಚ್ ಹಿಡಿದ ಕೈ ಸ್ಕ್ರೂ ತಿರುಗಿಸುವುದಿಲ್ಲ. ಟಾರ್ಚ್ ಇಲ್ಲದವರು ಬಾನೆಟ್ ಮುಚ್ಚಿ ನೋಡಿದ್ದುಂಟು; ಪಂಡಿತ ಹೋಗುತ್ತಾನೆ, ಐಡ್ಲಿಂಗ್ ಇಳಿಯುವುದಿಲ್ಲ.