ಬಲ್ಲ ಮೂಲದ ಮಹನೀಯರು

ವಾಷಿಂಗ್ಟನ್ನಿನ ವೃತ್ತಪತ್ರಿಕೆಗಳನ್ನು ಓದುವವರಿಗೆಲ್ಲ ಚಿರಪರಿಚಿತರಾಗಿದ್ದೂ ಯಾರ ಕಣ್ಣಿಗೂ ಬೀಳದ ಮಹನೀಯರೊಬ್ಬರುಂಟು: ಹೆಸರು ಹೇಳಲಿಚ್ಛಿಸದ ಹಿರಿಯ ಅಧಿಕಾರಿಗಳು. ಬೆಳಿಗ್ಗೆ ಪತ್ರಕರ್ತರೊಡನೆ ಉಪಾಹಾರಕ್ಕೆ ಕುಳಿತು ರಾಜ್ಯದ ಗುಟ್ಟೊಂದನ್ನು ಅವರ ಕಿವಿಯಲ್ಲಿ ಉಸುರಿ, ಮಧ್ಯಾಹ್ನದ ಸಭೆಯಲ್ಲಿ ಗುಟ್ಟುಗಳು ಹೀಗೆ ಬಯಲಾಗುತ್ತಿರುವುದಕ್ಕೆ ಎಲ್ಲರಿಗಿಂತ ಮಿಗಿಲಾಗಿ ಖೇದಗೊಂಡು, ಮರುದಿನ ತಮ್ಮ ಮಾತನ್ನೇ ಪತ್ರಿಕೆಯಲ್ಲೋದಿ, ‘ಇದನ್ನು ಯಾವ ಪುಣ್ಯಾತ್ಮ ಹೇಳಿದನೋ!’ ಎಂದು ಉದ್ಗರಿಸುವುದು ಇವರ ನಿತ್ಯಕರ್ಮ.

2003ನೆಯ ಇಸವಿಯ ಜುಲೈ 6ರಂದು ಮಾಜಿ ರಾಯಭಾರಿ ಜೋಸೆಫ್ ವಿಲ್ಸನ್ನರು, ಇರಾಕು ನೈಜರ್ ದೇಶದಿಂದ ಯುರೇನಿಯಂ ಕೊಳ್ಳಹೊರಟಿತ್ತೆಂಬ ಸರ್ಕಾರದ ಮಾತನ್ನು ಅಲ್ಲಗಳೆದು ಬರೆದರಷ್ಟೆ. ಎಂಟೇ ದಿನಗಳಲ್ಲಿ, ಅವರ ಪತ್ನಿ ವ್ಯಾಲೆರಿ ಪ್ಲೇಮರು ಗುಪ್ತಚರ ಸಂಸ್ಥೆಯಾದ ಸಿಐಎಯಲ್ಲಿರುವರೆಂಬ ಗುಟ್ಟು, ಇಬ್ಬರು ಹಿರಿಯ ಅಧಿಕಾರಿಗಳ ಆಧಾರದ ಮೇಲೆ, ರಾಬರ್ಟ್ ನೊವಾಕರ ಅಂಕಣದಲ್ಲಿ ಅಚ್ಚಾಯಿತು.

ನಾಮಧೇಯವನ್ನು ತ್ಯಜಿಸಿದ ಈ ವಿರಕ್ತರಿಗೆ ಬಿರುದಿನ ವಿಷಯದಲ್ಲಿ ಮಾತ್ರ ಅತಿಸೂಕ್ಷ್ಮ ದೃಷ್ಟಿ. ಉಪಾಧ್ಯಕ್ಷ ಚೇನಿಯವರ ಕಚೇರಿಯ ಮುಖ್ಯಾಧಿಕಾರಿಯಾಗಿದ್ದ ಸ್ಕೂಟರ್ ಲಿಬ್ಬಿಯವರು ನ್ಯೂಯಾರ್ಕ್ ಟೈಮ್ಸಿನ ಜುಡಿತ್ ಮಿಲ್ಲರರೊಡನೆ ವಿಲ್ಸನ್ನರ ಸುದ್ದಿಯೆತ್ತುವಾಗ, ತಮ್ಮನ್ನು ‘ಶಾಸನಸಭೆಯ ಮಾಜಿ ಸಿಬ್ಬಂದಿ’ಯೆಂದು ಬಣ್ಣಿಸಬೇಕೆಂದರು, ಆಕೆಯೂ ಒಪ್ಪಿದರು. ಅದು ಸುಳ್ಳಲ್ಲ, ಹಿಂದೊಮ್ಮೆ ಅವರು ಅಲ್ಲಿ ದುಡಿದದ್ದುಂಟು. ಆ ಲೆಕ್ಕದಲ್ಲಿ ‘ಮಾಜಿ ಶಿಶು’ವೆಂದು ಬರೆಸಿಕೊಂಡಿದ್ದರೂ ಸತ್ಯಕ್ಕೆ ಚ್ಯುತಿಯಿರಲಿಲ್ಲ.

ಪ್ಲೇಮರ ವಿಷಯವಾಗಿ ಒಂದು ಸುದ್ದಿಯನ್ನೂ ಬರೆಯದಿದ್ದ ಮಿಲ್ಲರರು, ಗುಟ್ಟು ಹೊರಬಿದ್ದುದರ ತನಿಖೆಯಲ್ಲಿ ತಮಗೆ ಹೇಳಿದವರಾರೆಂದು ಬಾಯಿಬಿಡಲೊಲ್ಲದೆ 2005ರಲ್ಲಿ 85 ದಿನ ಸೆರೆಮನೆಯಲ್ಲಿದ್ದರು. ಪತ್ರಿಕಾಧರ್ಮ ದೊಡ್ಡದು, ನಿಜ. ಆದರೆ ದುರ್ಬಲರನ್ನು ಕಾಯಬೇಕಾದ ಕವಚವನ್ನು ಪ್ರಭುಗಳೇ ತೊಟ್ಟು ಕುಳಿತರೆ ಬಾಣ ನಾಟುವುದು ಕವಚ ಮಾಡಿಕೊಟ್ಟವನ ಮೈಗೆ.

ಇತ್ತ, ಇದೆಲ್ಲ ಅರಮನೆಯ ಒಳಸಂಚೆಂದು ವಿರೋಧಿಗಳೂ, ಬರಿಯ ಬೊಬ್ಬೆಯೆಂದು ಬೆಂಬಲಿಗರೂ ಮೂರು ವರ್ಷ ಕಾದಾಡಿದ ಮೇಲೆ, ನೊವಾಕರಿಗೆ ಮೊದಲು ಹೇಳಿದವರು ವಿದೇಶಾಂಗ ಇಲಾಖೆಯ ಎರಡನೆಯ ಸ್ಥಾನದಲ್ಲಿದ್ದ ರಿಚರ್ಡ್ ಆರ್ಮಿಟೇಜರೆಂದೂ, ಹೌದೆಂದವರು ಅಧ್ಯಕ್ಷರ ಸಲಹೆಗಾರ ಕಾರ್ಲ್ ರೋವರೆಂದೂ 2006ರಲ್ಲಿ ಪ್ರಕಟವಾಯಿತು. ಆರ್ಮಿಟೇಜರಾದರೋ ತನಿಖೆಯವರ ಮುಂದೆ 2003ರ ಅಕ್ಟೋಬರಿನಲ್ಲಿಯೇ ಒಪ್ಪಿಕೊಂಡಿದ್ದರು! ಹರಟೆ ಅರ್ಧ, ಹಗೆ ಅರ್ಧವಾಗಿ ಎರಡೂ ಪಕ್ಷಗಳಿಗೆ ಪಾಲು ದೊರೆತದ್ದರಿಂದ ಜಗಳ ನಿಲ್ಲಲಿಲ್ಲ.

ಗುಟ್ಟು ಹೊರಹಾಕಿದ ಅಪರಾಧಕ್ಕೆ ಯಾರ ಮೇಲೂ ಮೊಕದ್ದಮೆಯಾಗಲಿಲ್ಲ. ಲಿಬ್ಬಿಯವರು 2007ರಲ್ಲಿ ಅಪರಾಧಿಯೆನಿಸಿದ್ದು ಸುಳ್ಳುಸಾಕ್ಷ್ಯವೇ ಮೊದಲಾದವುಗಳಿಗೆ. 30 ತಿಂಗಳ ಸೆರೆವಾಸವನ್ನು ಅಧ್ಯಕ್ಷ ಬುಷ್ ತಪ್ಪಿಸಿದರು. ಪ್ರಮಾಣಮಾಡಿ ಲಿಬ್ಬಿಯವರು ಹೇಳಿದ್ದಾದರೂ ಏನು? ಆ ಸುದ್ದಿಯನ್ನು ತಮಗೆ ತಿಳಿಸಿದವರು ದೂರದರ್ಶನದ ಪತ್ರಕರ್ತ ಟಿಮ್ ರಸರ್ಟರೆಂದು! ರಸರ್ಟರು ಅಂಥ ಮಾತೇ ನಡೆಯಲಿಲ್ಲವೆಂದರು. ಇಷ್ಟು ಕಾಲ ಹೆಸರಿಲ್ಲದೆ ಬಾಳಿದ ಮಹನೀಯರು ಕೊನೆಗೊಮ್ಮೆ ಹೆಸರೊಂದನ್ನು ಹೇಳಿದರೆ, ಜ್ಯೂರಿಯವರು ಅದನ್ನೇ ನಂಬಲಿಲ್ಲ.